ಗೊಬ್ಬೂರಿನ ಹೆಣ್ಣುಮಗಳ ಎರಡು ಸ್ಕ್ಯಾನ್

ನಮ್ಮ ಮನೆಯವರ ಸ್ಕ್ಯಾನಿಂಗ್ ಸೆಂಟರು ಆಳಂದದಲ್ಲಿ, ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ ಇದೆ. ಮೇಲೆ ನಾವು, ಕೆಳಗೆ ಮಷೀನು. ರಿಪೋರ್ಟ್ ಟೈಪ್ ಮಾಡುತ್ತಿದ್ದ ಹುಡುಗಿ ಹೆರಿಗೆಗೆಂದು ಜೇವರ್ಗಿಯ ತವರಿಗೆ ಹೋದಾಗ ಬದಲಿಗೆ ಯಾರೂ ಸಿಗಲಿಲ್ಲ. "ಕಾನ್ವೆಂಟ್‌ನ್ಯಾಗ ಕಲ್ತಾಕಿ, ಸ್ಪೆಲ್ಲಿಂಗ್ ತಪ್ಪಂಗಿಲ್ಲ. ನಾಕ್ ದಿನ ಕುಂದ್ರು" ಎಂದರು ನಮ್ಮ ಮನೆಯವರು. ಕೂತೆ. ನಾಲ್ಕು ದಿನ ಆರು ತಿಂಗಳಾಯಿತು.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಬಂದವರ ಹೆಸರು, ಊರು, ವಯಸ್ಸು ರಿಜಿಸ್ಟರಿನಲ್ಲಿ ಬರೆಯುವುದು. ಹೊಟ್ಟೆಯ ಸ್ಕ್ಯಾನ್ ಆದರೆ ಏನಾದರೂ ತಿಂದಿದ್ದಾರೆಯೇ ಎಂದು ಕೇಳುವುದು. ಹೆಣ್ಣುಮಕ್ಕಳ ಸ್ಕ್ಯಾನ್ ನಡೆಯುವಾಗ ಒಳಗೆ ನಿಲ್ಲುವುದು, ಆದಮೇಲೆ ಜೆಲ್ ಒರೆಸಲು ಟಿಶ್ಯೂ ಕೊಡುವುದು. ನಮ್ಮ ಮನೆಯವರು ಅಳತೆಗಳನ್ನು ಗಟ್ಟಿಯಾಗಿ ಹೇಳುತ್ತಾರೆ, ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡು ಹೊರಗೆ ಬಂದು ಟೈಪ್ ಮಾಡುತ್ತೇನೆ. ಪ್ರಿಂಟ್ ತೆಗೆದು ಸಹಿಗೆ ಒಯ್ಯುವ ಮುನ್ನ ಒಮ್ಮೆ ಓದುತ್ತೇನೆ, ಅದೂ ಕೆಳಗಿನಿಂದ ಮೇಲಕ್ಕೆ. ನಮ್ಮ ಶಾಲೆಯ ಇಂಗ್ಲಿಷ್ ಸಿಸ್ಟರು ಕಲಿಸಿದ ರೂಢಿ ಅದು. ಮೇಲಿನಿಂದ ಓದಿದರೆ ಅರ್ಥದ ಹಿಂದೆ ಓಡುತ್ತೀರಿ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೊನೆಯ ಸಾಲಿನಿಂದ ಹಿಂದಕ್ಕೆ ಬಂದರೆ ಒಂದೊಂದು ಸಾಲೂ ತಾನೇ ನಿಲ್ಲುತ್ತದೆ ಎನ್ನುತ್ತಿದ್ದರು.

ಎರಡನೇ ತಿಂಗಳ ಹೊತ್ತಿಗೆ ಲಿವರಿನ ಸ್ಕ್ಯಾನುಗಳು ನನಗೆ ಒಂದಿಷ್ಟು ತಿಳಿಯತೊಡಗಿದವು. ಲಿವರಿಗೆ ರಕ್ತ ತರುವ ದೊಡ್ಡ ನಾಳವೊಂದಿದೆ, ಪೋರ್ಟಲ್ ವೇನ್ ಎನ್ನುತ್ತಾರೆ. ಜಠರ, ಕರುಳು, ಎಡಗಡೆಯ ಗುಲ್ಮ, ಇವೆಲ್ಲದರ ರಕ್ತ ಕೂಡಿ ಅದರ ಮೂಲಕ ಲಿವರ್ ಸೇರುತ್ತದೆ. ಲಿವರ್ ಗಟ್ಟಿಯಾದರೆ ಒಳಗೆ ಹೋಗುವ ದಾರಿ ಇಕ್ಕಟ್ಟಾಗಿ ನಾಳದಲ್ಲಿ ಒತ್ತಡ ಏರುತ್ತದೆ, ಹರಿವು ನಿಧಾನವಾಗುತ್ತದೆ, ಗುಲ್ಮ ಊದುತ್ತದೆ. ಆ ಒತ್ತಡವನ್ನು ಸರಿಯಾಗಿ ಅಳೆಯಬೇಕೆಂದರೆ ಕುತ್ತಿಗೆಯ ನಾಳದಿಂದ ಸಣ್ಣ ನಳಿಕೆ ಇಳಿಸಬೇಕು, ಅದು ದೊಡ್ಡ ಆಸ್ಪತ್ರೆಯ ಕೆಲಸ. ನಮ್ಮಂಥ ಕಡೆ ಚುಚ್ಚದೆ ಕೊಯ್ಯದೆ, ಹೊಟ್ಟೆಯ ಮೇಲೆ ಪ್ರೋಬ್ ಆಡಿಸಿ ಗುರುತುಗಳಿಂದ ಅಂದಾಜು ಮಾಡುತ್ತಾರೆ. ನಾಳ ಎಷ್ಟು ಅಗಲವಾಗಿದೆ, ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ, ಗುಲ್ಮ ಎಷ್ಟು ಉದ್ದ ಬೆಳೆದಿದೆ, ಹೊಟ್ಟೆಯಲ್ಲಿ ನೀರು ನಿಂತಿದೆಯೇ, ರಕ್ತ ಬೇರೆ ಅಡ್ಡದಾರಿ ಹಿಡಿದಿದೆಯೇ. ಆ ಅಡ್ಡದಾರಿಗಳದೇ ಭಯ. ಅನ್ನನಾಳದ ಗೋಡೆಯಲ್ಲಿ ಉಬ್ಬಿಕೊಂಡ ನಾಳ ಒಡೆದರೆ ಮನುಷ್ಯ ರಕ್ತ ಕಾರುತ್ತಾನೆ, ಆಸ್ಪತ್ರೆ ಮುಟ್ಟುವವರೆಗೂ ಉಳಿಯುತ್ತಾನೆಂಬ ಭರವಸೆ ಇಲ್ಲ.

ಆ ದಿನ ಬೆಳಿಗ್ಗೆ ಎಂಟೂವರೆಗೆ ಬಂದ ಮೊದಲ ಹೆಸರು ಅಫಜಲಪುರ ತಾಲೂಕಿನ ಗೊಬ್ಬೂರಿನ ಹೆಣ್ಣುಮಗಳದು. ನಲವತ್ತೆರಡರ ವಯಸ್ಸು, ಕೌದಿ ಹೊಲಿಯುವ ಕೆಲಸ. ಬೆರಳ ತುದಿಗಳಲ್ಲಿ ಸೂಜಿ ತಾಗಿದ ಕಡೆಯೆಲ್ಲ ಸಣ್ಣ ನೀಲಿ ಕಲೆಗಳಿದ್ದವು. ಚುಚ್ಚಿದರೆ ರಕ್ತ ಜಲ್ದಿ ನಿಲ್ಲುವುದಿಲ್ಲವೆಂದು ಅವಳೇ ಹೇಳಿದಳು. ಬಸ್ಸಿನ ಬೆವರಿಗೆ ಹಣೆಯ ಕುಂಕುಮ ಕರಗಿ ಮೂಗಿನವರೆಗೆ ಗೆರೆ ಇಳಿದಿತ್ತು. ಕಲಬುರಗಿಯ ಲಿವರ್ ಡಾಕ್ಟರ ಚೀಟಿ, ನಮ್ಮಲ್ಲೇ ಹಿಂದೆ ತೆಗೆಸಿದ ರಿಪೋರ್ಟು, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತಂದಿದ್ದಳು. ರಕ್ತದಿಂದ ಬರುವ ಕಾಮಾಲೆಯ ಸೋಂಕು ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು ಲಿವರನ್ನು ಕೆಡಿಸಿತ್ತು.

ಏನಾದರೂ ತಿಂದಿದ್ದೀರಾ ಎಂದು ಕೇಳಿದೆ.

"ಇಲ್ರಿ ಅಕ್ಕಾರ. ನಿನ್ನಿ ಸಂಜೀಕ ರೊಟ್ಟಿ ತಿಂದಿದ್ದೆ. ಮುಂಜಾನಿಂದ ಬಾಯಾಗ ಚಹಾ ಸೈತ ಹಾಕಿಲ್ಲ." ಆಮೇಲೆ ನಗುತ್ತಾ ಅಂದಳು, "ನಮ್ಮ ಮನ್ಯಾಗ ಕುಡಿಯೋರು ನಾಕ್ ಮಂದಿ ಅದಾರ್ರಿ. ಲಿವರ್ ಮಾತ್ರ ನಂದ ಕೆಟ್ಟದ."

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಖಾಲಿ ಹೊಟ್ಟೆ' ಎಂಬ ಅಂಕಣದಲ್ಲಿ ಗುರುತು ಹಾಕಿದೆ.

ಲಿವರ್ ಡಾಕ್ಟರು ಬಾಯಿಂದ ಪೈಪು ಇಳಿಸಿ ಅನ್ನನಾಳ ನೋಡಬೇಕೆಂದು ಮೊದಲೇ ಹೇಳಿದ್ದರು. ಅವಳು ಒಪ್ಪಿರಲಿಲ್ಲ. ಒಮ್ಮೆ ಮೇಜಿನ ಮೇಲೆ ಮಲಗಿ, ಗಂಟಲಿಗೆ ಔಷಧಿ ಹೊಡೆಸಿಕೊಂಡು, ಪೈಪು ಕಂಡ ಕೂಡಲೇ ಎದ್ದು ಬಂದುಬಿಟ್ಟಿದ್ದಳಂತೆ. ಕೊನೆಗೆ ಅವರು ಒಂದು ಕರಾರು ಮಾಡಿ ಗುಳಿಗೆ ಕೊಟ್ಟು ಕಳಿಸಿದ್ದರು: ಆರು ತಿಂಗಳ ಮೇಲೆ ಸ್ಕ್ಯಾನ್ ಮಾಡಿಸಬೇಕು, ಸ್ಕ್ಯಾನಿನಲ್ಲಿ ಕೆಟ್ಟಿದ್ದು ಕಂಡರೆ ಪೈಪಿಗೆ ಇಲ್ಲವೆನ್ನಬಾರದು. ಆ ಆರು ತಿಂಗಳ ಸ್ಕ್ಯಾನೇ ಇದು. "ಛಲೋ ಬರ್ತದ ನೋಡ್ರಿ, ಗುಳಿಗಿ ಒಂದೂ ತಪ್ಪಿಸಿಲ್ಲ" ಎಂದಳು.

ಅವಳು ಒಳಗೆ ಹೋಗುವ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಹಳೆಯದಾಗಿ ಮಷೀನಿನ ಭಾರ ತಡೆಯುತ್ತಿರಲಿಲ್ಲ. ಕಾಯುತ್ತಿದ್ದವರು ಹೊರಗಿನ ಬೆಂಚಿನ ಮೇಲೆ, ಬೇವಿನ ಮರದ ಕೆಳಗೆ ಕೂತರು. ನಾನು ಹಿಂದಿನ ದಿನದ ರಿಪೋರ್ಟುಗಳನ್ನು ಫೈಲಿಗೆ ಸೇರಿಸುತ್ತಾ ಕೂತೆ. ಕರೆಂಟು ಬಂದಾಗ ಹನ್ನೊಂದು ದಾಟಿತ್ತು, ಬೆಂಚು ತುಂಬಿತ್ತು. ಅವಳನ್ನೇ ಮೊದಲು ಒಳಗೆ ಕರೆದೆ.

ನಮ್ಮ ಮನೆಯವರು ಆತುರದಲ್ಲೂ ಕ್ರಮ ಬಿಡುವವರಲ್ಲ. ಮೊದಲು ಅಂಗಾತ ಮಲಗಿಸಿ, ಆಮೇಲೆ ಎಡಮಗ್ಗುಲಿಗೆ ಹೊರಳಿಸಿ ನೋಡಿದರು. ನಾಳದ ಅಗಲವನ್ನು ಉಸಿರು ಹಿಡಿಸಿ ಮೂರು ಸಲ ಅಳೆದರು. ಡಾಪ್ಲರ್ ಹಾಕಿ, ರಕ್ತದ ಹರಿವಿಗೆ ಗೆರೆಯನ್ನು ಕೂಡಿಸಿ, ಕೋನ ಅರವತ್ತು ಡಿಗ್ರಿ ಮೀರದಂತೆ ನೋಡಿಕೊಂಡು ವೇಗ ತೆಗೆದರು. ಗುಲ್ಮದ ಉದ್ದ ಅಳೆದರು. ಜಠರದ ಹತ್ತಿರ ಪ್ರೋಬ್ ಒತ್ತಿ ಒತ್ತಿ ನೋಡಿ, "ಇವತ್ತ ಗ್ಯಾಸ್ ಭಾಳ ಅದ, ಇಲ್ಲಿ ಏನೂ ಕಾಣವಲ್ದು" ಎಂದು ಬಿಟ್ಟುಬಿಟ್ಟರು. ಹಿಂದಿನ ಸಲ ಸೆಕೆಂಡಿಗೆ ಹನ್ನೊಂದು ಸೆಂಟಿಮೀಟರ್ ಇದ್ದ ವೇಗ ಈಗ ಹದಿನಾರಾಗಿತ್ತು. ಅವರ ಮುಖ ಅರಳಿತು.

"ಗುಳಿಗಿ ಹತ್ತ್ಯಾವ ನೋಡವಾ" ಎಂದರು.

"ಅಂದ್ರ ಪೈಪ್ ಬ್ಯಾಡಲ್ರಿ?"

ಅದನ್ನು ಕಲಬುರಗಿಯ ಡಾಕ್ಟರು ಹೇಳಬೇಕು, ಆದರೆ ಮೊದಲಿಗಿಂತ ಪರವಾಗಿಲ್ಲ ಎಂದು ಬರೆದುಕೊಡುತ್ತೇನೆ ಎಂದರು. ಅವಳು ಮಲಗಿದಲ್ಲಿಂದಲೇ ಎರಡೂ ಕೈ ಜೋಡಿಸಿದಳು. ಟಿಶ್ಯೂ ಕೊಟ್ಟೆ. ಒಂದು ಗಂಟೆಯ ಬಸ್ಸು ಸಿಕ್ಕರೆ ಸಂಜೆಯೊಳಗೆ ಊರು ಮುಟ್ಟುತ್ತೇನೆ ಎನ್ನುತ್ತಾ ಹೊರಗೆ ಹೋಗಿ ಕೂತಳು.

ನಾನು ಟೈಪ್ ಮಾಡಿದೆ. ಪ್ರಿಂಟ್ ತೆಗೆದೆ. ಎಂದಿನಂತೆ ಕೆಳಗಿನಿಂದ ಓದಿದೆ.

ಕೊನೆಯ ಸಾಲು, ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಸುಧಾರಣೆ. ಅದರ ಮೇಲೆ, ಹೊಟ್ಟೆಯಲ್ಲಿ ನೀರಿಲ್ಲ. ಅದರ ಮೇಲೆ, ಗುಲ್ಮ ಹದಿನೈದು ಸೆಂಟಿಮೀಟರ್. ಅಲ್ಲಿ ನಿಂತೆ. ಟೈಪಿಂಗ್ ತಪ್ಪಿರಬಹುದೆಂದು ನನ್ನ ಚೀಟಿ ನೋಡಿದೆ, ಹದಿನೈದೇ. ಹಳೆಯ ರಿಪೋರ್ಟು ಬಿಡಿಸಿದೆ, ಹದಿನಾಲ್ಕು. ಒತ್ತಡ ಇಳಿದಿದ್ದರೆ ಗುಲ್ಮ ಯಾಕೆ ಬೆಳೆಯಿತು? ಒಂದು ಅಳತೆ ಒಳ್ಳೆಯದನ್ನು ಹೇಳುತ್ತಿದೆ, ಇನ್ನೊಂದು ಕೆಟ್ಟದ್ದನ್ನು. ನಾನು ಡಾಕ್ಟರಲ್ಲ. ಅಳತೆಯಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆಂದು ಅವರೇ ಹೇಳಿದ್ದಾರೆ. ಸಹಿಗೆ ಒಯ್ಯಬೇಕೆಂದು ಎದ್ದೆ.

ಎದ್ದವಳ ಕಣ್ಣು ಬೆಂಚಿನ ಕಡೆ ಹೋಯಿತು. ಅವಳು ಪಕ್ಕದವರ ಜೊತೆ ಮಾತಾಡುತ್ತಿದ್ದಳು. ಹಣೆಯ ಮೇಲೆ ದುಂಡಗೆ, ದಟ್ಟ ಕೆಂಪಾಗಿ ಕುಂಕುಮವಿತ್ತು. ಬೆಳಿಗ್ಗೆ ಕರಗಿ ಇಳಿದಿದ್ದ ಗೆರೆ ಇರಲಿಲ್ಲ. ಅದರ ಕೆಳಗೆ ತೆಳ್ಳಗೆ ಅರಿಷಿಣ.

ಆ ಕುಂಕುಮ ನನಗೆ ಗೊತ್ತು. ನಮ್ಮ ಅತ್ತೆಯ ಬೆಳ್ಳಿ ಭರಣಿಯದು. ಅಂಗಡಿಯ ಕುಂಕುಮಕ್ಕಿಂತ ಒಂದು ಬಣ್ಣ ಕಪ್ಪು. ನಮ್ಮ ಅತ್ತೆಯ ತವರು ಗೊಬ್ಬೂರು. ಅಲ್ಲಿಂದ ಯಾರೇ ಬರಲಿ, ಮೇಲಿನ ಕಿಟಕಿಯಿಂದ ಮಾತಿನ ಧಾಟಿ ಕೇಳಿಯೇ ಕಂಡುಹಿಡಿದು ಕರೆಯುತ್ತಾರೆ. ಮುತ್ತೈದೆಯಾದರೆ ಅರಿಷಿಣ ಕುಂಕುಮ. ಹಾಗೆ ಹತ್ತಿದವರು ಯಾರೂ ನಮ್ಮ ಮೆಟ್ಟಿಲನ್ನು ಖಾಲಿ ಹೊಟ್ಟೆಯಲ್ಲಿ ಇಳಿದಿದ್ದನ್ನು ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಅವಳ ಪಕ್ಕ ಹೋಗಿ ಕೂತೆ. ಮೇಲೆ ಹೋಗಿದ್ದಿರಾ ಎಂದು ಮೆಲ್ಲಗೆ ಕೇಳಿದೆ. ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ನೋಡಿದಳು.

"ಅಮ್ಮಾರು ಕರದ್ರಿ. ನಮ್ಮ ಊರ ಮಗಳು. ಒಲ್ಲೆ ಅಂದ್ರ ಅವರ ಮನಸಿಗಿ ಬ್ಯಾನಿ ಆಗ್ತದಲ್ರಿ. ಸುಸಲಾ ತಿಂದೆ, ಒಂದ ವಾಟಗಾ ಹಾಲು ಕುಡದೆ." ದನಿ ಇನ್ನೂ ತಗ್ಗಿಸಿದಳು. "ನೀವು ಬೈತೀರಂತ ಹೇಳಲಿಲ್ಲ. ಅಮ್ಮಾರ ಹೆಸರು ತರಬ್ಯಾಡ್ರಿ."

ಚುರುಮುರಿ ನೆನೆಸಿ, ಪುಠಾಣಿ ಹಿಟ್ಟು ಹಾಕಿ, ಶೇಂಗಾ ಒಗ್ಗರಣೆ ಕೊಟ್ಟ ಸುಸಲಾ. ಅತ್ತೆಯ ಕೈಯದಾದರೆ ಒಂದು ತಟ್ಟೆಗೆ ನಿಲ್ಲುವುದಿಲ್ಲ.

ಉಂಡ ಮೇಲೆ ಕರುಳಿಗೆ ರಕ್ತ ಹೆಚ್ಚು ನುಗ್ಗುತ್ತದೆ, ಅದೆಲ್ಲ ಪೋರ್ಟಲ್ ವೇನಿಗೇ ಬರುತ್ತದೆ, ಅದಕ್ಕೇ ಖಾಲಿ ಹೊಟ್ಟೆ ಬೇಕು ಎಂದು ಮೊದಲ ವಾರದಲ್ಲೇ ನಮ್ಮ ಮನೆಯವರು ನನಗೆ ಹೇಳಿದ್ದರು. ಹದಿನಾರು ಎಂಬ ವೇಗ ಗುಳಿಗೆಯದಲ್ಲ, ಸುಸಲಾದ್ದು ಇರಬಹುದು. ಜಠರದಲ್ಲಿ ಏನೂ ಕಾಣದಂತೆ ಮಾಡಿದ ಗ್ಯಾಸೂ ಅದರದೇ. ಗುಲ್ಮ ಮಾತ್ರ ಒಂದು ತಟ್ಟೆ ಸುಸಲಾಕ್ಕೆ ಬೆಳೆಯುವುದಿಲ್ಲ, ಕುಗ್ಗುವುದಿಲ್ಲ. ಮೂರರಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ ಎನ್ನಿಸಿತು.

ತಪ್ಪು ನನ್ನದು. ಎಂಟೂವರೆಗೆ ಕೇಳಿದ ಪ್ರಶ್ನೆಯ ಉತ್ತರವನ್ನು ಹನ್ನೊಂದರ ಸ್ಕ್ಯಾನಿಗೆ ಹೊಂದಿಸಿದ್ದೆ. ಆ ಕಾಗದಕ್ಕೆ ಸಹಿ ಬಿದ್ದರೆ ಅವಳು ಖುಷಿಯಿಂದ ಬಸ್ಸು ಹತ್ತುತ್ತಾಳೆ, ಕಲಬುರಗಿಯ ಡಾಕ್ಟರು 'ಸುಧಾರಣೆ' ಎಂಬುದನ್ನು ಓದಿ ಇನ್ನಾರು ತಿಂಗಳು ತಡೆಯುತ್ತಾರೆ. ಅಷ್ಟರಲ್ಲಿ ಒಡೆಯುವುದು ಒಡೆದರೆ?

ಪ್ರಿಂಟನ್ನು ಎರಡಾಗಿ ಹರಿದು ಒಳಗೆ ಹೋದೆ. ಸ್ಕ್ಯಾನಿನ ನಡುವೆ ನಾನು ಎಂದೂ ಬಾಯಿ ಹಾಕಿದವಳಲ್ಲ. ಅಂದು ಮುಂದಿನ ಪೇಶಂಟನ್ನು ಒಂದು ನಿಮಿಷ ಹೊರಗೆ ಕೂರಿಸಿ ಹೇಳಿದೆ, ಅವಳು ತಿಂದಿದ್ದಾಳೆ, ಗುಲ್ಮ ನೋಡಿ. ಅವರು ಹಳೆಯ ರಿಪೋರ್ಟನ್ನೂ ನನ್ನ ಚೀಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಯಾರು ತಿನಿಸಿದರು?"

ನಾನು ಮೇಲೆ ನೋಡಿದೆ. ಅವರೂ ಮೇಲೆ ನೋಡಿದರು. ಅಮ್ಮನ ಮಗ, ಮತ್ತೆ ಕೇಳಲಿಲ್ಲ. "ನಾಳಿ ಮುಂಜಾನಿ ಮತ್ತ ಮಾಡೋಣು. ಈ ಅಳತಿ ಇಟ್ಟುಕೊಂಡು ನಾ ಸಹಿ ಮಾಡಂಗಿಲ್ಲ" ಎಂದರು. "ನಾನೂ ಗ್ಯಾಸ್ ಕಂಡಾಗ ಕೇಳಬೇಕಿತ್ತು" ಎಂದೂ ಸೇರಿಸಿದರು.

ಅವಳನ್ನು ಒಪ್ಪಿಸುವುದು ಹೆಚ್ಚು ಕಷ್ಟವಾಯಿತು. ಈಗಷ್ಟೇ ಛಲೋ ಅಂದಿರಲ್ಲ, ಒಂದು ತಟ್ಟೆ ಸುಸಲಾಕ್ಕೆ ನನ್ನ ಲಿವರ್ ಮತ್ತೆ ಕೆಟ್ಟಿತೇ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಮ್ಮ ಮನೆಯವರು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಹೇಳಿದರು. ಖಜೂರಿಗೆ ಹೋಗುವ ದೊಡ್ಡ ರಸ್ತೆ ಬಂದ್ ಆದರೆ ಲಾರಿಗಳು ಏನು ಮಾಡುತ್ತವೆ, ಹೊಲದ ದಾರಿ ಹಿಡಿಯುತ್ತವೆ. ಹೊಲದ ದಾರಿ ಲಾರಿಯ ಭಾರಕ್ಕೆ ಮಾಡಿದ್ದಲ್ಲ, ಒಂದು ದಿನ ಕುಸಿಯುತ್ತದೆ. ನಿನ್ನ ರಕ್ತ ಹೊಲದ ದಾರಿ ಹಿಡಿದಿದೆಯೋ ಇಲ್ಲವೋ ನಾನು ನೋಡಬೇಕು, ಇವತ್ತು ಸುಸಲಾ ಅಡ್ಡ ನಿಂತಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳಿ ಏನ್ ಕಾಣ್ತದೋ ಅದನ್ನ ಬರೀರಿ. ಖರೇ ಬರೀರಿ" ಎಂದಳು.

ಊರಿಗೆ ಹೋಗಿ ಬಂದರೆ ಮತ್ತೆ ಎರಡು ಬಸ್ಸು, ಮತ್ತೆ ಯಾರೋ ಏನೋ ತಿನ್ನಿಸುತ್ತಾರೆ. ಅವಳ ಗಂಡನಿಗೆ ಫೋನ್ ಮಾಡಿ ತಿಳಿಸಿ ಅಂದು ನಮ್ಮಲ್ಲೇ ಉಳಿಸಿಕೊಂಡೆ. ಅಲ್ಲಿಗೆ ನನ್ನ ಕೊನೆಯ ಕೆಲಸ ಉಳಿಯಿತು, ಅತ್ತೆಗೆ ಹೇಳುವುದು. ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ, ನಿಮ್ಮ ಮೇಲೆ ಮಾತಲ್ಲ ಎಂದು ಶುರುಮಾಡಿ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನನಗ ಹೇಳ್ಬೇಕಿಲ್ಲ? ನಾ ಏನ್ ವಿಷ ಹಾಕಿದೆನೇನು?"

ಇಲ್ಲ ಅತ್ತೆ, ನಿಮ್ಮ ಕೈರುಚಿ ಮಷೀನಿಗೂ ಗೊತ್ತಾಗಿಬಿಟ್ಟಿತು ಎಂದೆ. ನಗಲಿಲ್ಲ. ತಟ್ಟೆ ಸರಿಸಿ ಕೇಳಿದರು, ನಾಳೆ ಬೆಳಿಗ್ಗೆ ಎಷ್ಟು ಗಂಟೆಯವರೆಗೆ ಏನೂ ಕೊಡಬಾರದು. ಸ್ಕ್ಯಾನ್ ಮುಗಿಯುವವರೆಗೆ ಎಂದೆ. "ನನ್ನ ತವರಿನಾಕಿ ನನ್ನ ಮನ್ಯಾಗ ಹಸದು ಕುಂದರೂದು ನಾ ನೋಡೂದು" ಎಂದು ಗೊಣಗಿದರು. ಆದರೆ ಸಂಜೆ ಏಳಕ್ಕೇ ಅವಳಿಗೆ ಉಣಿಸಿ, ಅಡುಗೆಮನೆಯ ಬಾಗಿಲಿಗೆ ತಾವೇ ಚಿಲಕ ಹಾಕಿದರು. ಬೆಳಿಗ್ಗೆ ಅವಳು ಏಳುವ ಮುನ್ನ ಎದ್ದು ಮೆಟ್ಟಿಲ ಮೇಲೆ ಕೂತಿದ್ದರು. ಹಾಲು ತಂದವನು ಇನ್ನೂ ಬಾಯಿ ತೆರೆದಿರಲಿಲ್ಲ, ಇವತ್ತು ಚಹಾದ ಮಾತೆತ್ತಬೇಡ ಎಂದು ಅವನಿಗೂ ಗದರಿದರಂತೆ.

ಎಂಟಕ್ಕೆ ನಮ್ಮ ಮನೆಯವರು ಅವಳನ್ನು ಸ್ಕ್ಯಾನಿಗೆ ಕರೆದರು. ಬಾಗಿಲಲ್ಲಿ ಮತ್ತೆ ಕೇಳಿದೆ, ಅವಳು ನಕ್ಕು ಬಾಯಿ ತೆರೆದು ತೋರಿಸಿದಳು. ಅದೇ ಕ್ರಮ, ಅದೇ ಅಳತೆಗಳು. ನಾಳದ ಅಗಲ ಹದಿನಾಲ್ಕು ಮಿಲಿಮೀಟರ್, ಹಿಂದಿನಷ್ಟೇ. ವೇಗ ಹತ್ತು. ಮೂರು ಸಲ ತೆಗೆದರೂ ಹತ್ತರ ಆಚೀಚೆ. ಉಸಿರು ಎಳೆದರೂ ಬಿಟ್ಟರೂ ನಾಳದ ಅಗಲ ಬದಲಾಗಲಿಲ್ಲ, ಅದೂ ಒಳ್ಳೆಯ ಗುರುತಲ್ಲ. ಆಮೇಲೆ ಪ್ರೋಬ್ ಜಠರದ ಕಡೆ ಸರಿಯಿತು. ನಿನ್ನೆ ಬರೀ ಬಿಳಿ ಮಂಜು ಕಂಡಿದ್ದ ಕಡೆ ಇಂದು ಎಲ್ಲ ಸ್ವಚ್ಛ. ಮಷೀನಿನಲ್ಲಿ ರಕ್ತದ ಹರಿವು ತೋರಿಸುವ ಬಣ್ಣ ಹಾಕಿದ ಕೂಡಲೇ ತೆಳ್ಳಗೆ ಅಂಕುಡೊಂಕಾದ ನಾಳವೊಂದು ಪರದೆಯ ಮೇಲೆ ಹೊಳೆಯಿತು. ಲಿವರಿನ ಕಡೆ ಹೋಗಬೇಕಾದ ರಕ್ತ ಅದರಲ್ಲಿ ತಿರುಗಿ ಅನ್ನನಾಳದ ಕಡೆ ಹರಿಯುತ್ತಿತ್ತು. ನಮ್ಮ ಮನೆಯವರು ಪರದೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು.

ಅವಳು ತುಂಬಾ ಹೊತ್ತು ನೋಡಿದಳು. ಕೌದಿಯ ಹೊಲಿಗೆ ನೋಡುವಂತೆ ಕತ್ತು ವಾಲಿಸಿ ನೋಡಿದಳು.

"ಇದ ಏನ್ರಿ ಹೊಲದ ದಾರಿ?"

"ಹೌದವಾ."

"ಪೈಪಿಗಿ ಬರೀರಿ" ಎಂದಳು. "ಆದ್ರ ಈ ಅಕ್ಕಾರು ನನ್ನ ಸಂಗಾಟ ಬರ್ಬೇಕು. ಒಬ್ಬಾಕೆನ ಹೋದ್ರ ಮತ್ತ ಓಡಿ ಬರ್ತೇನಿ."

ರಿಪೋರ್ಟ್ ಟೈಪ್ ಮಾಡಿದೆ, ಕೆಳಗಿನಿಂದ ಓದಿದೆ. ಈ ಸಲ ಎಲ್ಲ ಸಾಲುಗಳೂ ಒಂದೇ ಮಾತು ಹೇಳುತ್ತಿದ್ದವು. ಸಹಿಯಾಯಿತು. ನಮ್ಮ ಮನೆಯವರು ಕಲಬುರಗಿಗೆ ಫೋನ್ ಮಾಡಿ ಮರುದಿನವೇ ಸಮಯ ಕೇಳಿದರು.

ಹೋದೆ. ಅವಳ ಗಂಡನೂ ಊರಿಂದ ನೇರ ಅಲ್ಲಿಗೆ ಬಂದಿದ್ದ. ಮೇಜಿನ ಮೇಲೆ ಮಲಗಿ ಅವಳು ನನ್ನ ಕೈ ಹಿಡಿದದ್ದು ಸಾಲದೆ ನನ್ನ ಬಳೆಗಳನ್ನೂ ಸೇರಿಸಿ ಹಿಡಿದಿದ್ದಳು, ಎರಡು ಒಡೆದವು. ಒಳಗೆ ಉಬ್ಬಿದ ನಾಳಗಳು ಮೂರಿದ್ದವು, ಒಂದರ ಮೇಲೆ ಕೆಂಪು ಚುಕ್ಕೆಗಳೆದ್ದಿದ್ದವು. ಅಲ್ಲೇ ಪೈಪಿನ ಮೂಲಕ ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಆ ಕೆಂಪು ಚುಕ್ಕೆ ಇದ್ದದ್ದು ಬಹಳ ದಿನ ಕಾಯುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಹೊರಗೆ ಬಂದಾಗ ಅವಳ ಗಂಟಲು ಹಿಡಿದಿತ್ತು. ಪಿಸುದನಿಯಲ್ಲಿ ನನ್ನ ಮೊಣಕೈ ಹಿಡಿದು ಇಷ್ಟೇನಾ ಪೈಪು ಎಂದು ಕೇಳಿದಳು.

ಮರುದಿನ ನಾನು ರಿಜಿಸ್ಟರಿನಲ್ಲಿ ಅಡಿಪಟ್ಟಿ ಇಟ್ಟು ಒಂದು ಗೆರೆ ಹೆಚ್ಚಿಗೆ ಎಳೆದೆ. 'ಖಾಲಿ ಹೊಟ್ಟೆ' ಎಂಬ ಅಂಕಣದ ಪಕ್ಕ ಇನ್ನೊಂದು, 'ಒಳಗೆ ಹೋಗುವಾಗ'. ಬಂದಾಗ ಒಮ್ಮೆ, ಬಾಗಿಲಲ್ಲಿ ಒಮ್ಮೆ. ನಾನಿದ್ದಷ್ಟು ದಿನ ಎರಡನೇ ಅಂಕಣ ಒಂದು ದಿನವೂ ಖಾಲಿ ಬಿಡಲಿಲ್ಲ. ಅದರಿಂದ ಮತ್ತೆ ಎಷ್ಟೋ ಜನರ ಚಹಾ, ಬಿಸ್ಕತ್ತು, ಬಸ್ ಸ್ಟ್ಯಾಂಡಿನ ಭಜಿ ಹೊರಬಿದ್ದವು.

ಜೇವರ್ಗಿಯ ಹುಡುಗಿ ಮಗುವನ್ನು ತಾಯಿಯ ಬಳಿ ಬಿಟ್ಟು ಕೆಲಸಕ್ಕೆ ಮರಳಿದ ಮೊದಲ ದಿನವೇ ಗೊಬ್ಬೂರಿನಾಕೆಯೂ ತಪಾಸಣೆಗೆ ಬಂದಿದ್ದಳು. ಕಟ್ಟಿದ ನಾಳಗಳು ಒಣಗಿವೆ ಎಂಬ ಕಲಬುರಗಿಯ ಚೀಟಿ ಅವಳ ಪ್ಲಾಸ್ಟಿಕ್ ಚೀಲದಲ್ಲಿತ್ತು. ನಾನು ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತೆ. ಹುಡುಗಿ ರಿಜಿಸ್ಟರ್ ತೆಗೆದು, ತಿಂದಿದ್ದೀರಾ ಎಂದು ಕೇಳಿ ಗುರುತು ಹಾಕಿದಳು. ನನ್ನ ಕೈಬರಹದ ಎರಡನೇ ಅಂಕಣ ನೋಡಿ ಹುಬ್ಬು ಗಂಟಿಕ್ಕಿದಳು.

"ಅದ ಮಾತು ಎರಡ ಸಲ ಯಾಕ ಕೇಳ್ಬೇಕ್ರಿ, ಮೇಡಮ್ಮಾರ?"

ಮೆಟ್ಟಿಲ ಮೇಲಿನಿಂದ ಅತ್ತೆಯ ದನಿ ಬಂತು. ಕೈಯಲ್ಲಿ ಮುಚ್ಚಿದ ತಟ್ಟೆ ಹಿಡಿದುಕೊಂಡು ಮೂರನೇ ಮೆಟ್ಟಿಲ ಮೇಲೆ, ಸ್ಕ್ಯಾನ್ ಮುಗಿಯುವುದನ್ನೇ ಕಾಯುತ್ತಾ ಕೂತಿದ್ದರು.

"ಮ್ಯಾಲ ನಾ ಇದ್ದೇನಲ್ಲ, ಅದಕ್ಕ."